ಪ್ಲಂಪಿನಟ್: ಯುದ್ಧಪೀಡಿತ ಮಕ್ಕಳ ಚಿಕಿತ್ಸೆಗೆ ಬಳಸುವ ಶೇಂಗಾ ಲೇಪದ ವಿಮರ್ಶೆ

ಪ್ಲಂಪಿನಟ್ ಎಂಬುದು 92 ಗ್ರಾಂ ತೂಕದ ಒಂದು ಪೊಟ್ಟಣ. ಹುರಿದ ಶೇಂಗಾವನ್ನು ನುಣ್ಣಗೆ ಅರೆದು ಅದಕ್ಕೆ ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜಾಂಶಗಳನ್ನು ಬೆರೆಸಿದ ಲೇಪ ಅದರೊಳಗಿರುತ್ತದೆ; ಒಂದು ಪೊಟ್ಟಣದಿಂದ ಸುಮಾರು 500 ಕಿಲೊಕ್ಯಾಲೊರಿ ದೊರೆಯುತ್ತದೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ, ತೀವ್ರ ಅಪೌಷ್ಟಿಕತೆಗೆ ಒಳಗಾದ ಮಕ್ಕಳಿಗಾಗಿ ಇದನ್ನು ರೂಪಿಸಲಾಗಿದೆ. ಅಂಗಡಿಗಳಲ್ಲಿ ಇದು ಮಾರಾಟಕ್ಕಿಲ್ಲ. ಈ ಬಗೆಯ ಲೇಪ ಪ್ರಪಂಚದಲ್ಲಿ ಎಷ್ಟು ತಯಾರಾಗುತ್ತದೆಯೋ ಅದರ ಮುಕ್ಕಾಲು ಪಾಲಿನಷ್ಟನ್ನು ಯುನಿಸೆಫ್ ಒಂದೇ ಖರೀದಿಸುತ್ತದೆ, ಉಳಿದದ್ದನ್ನು ಇತರ ನೆರವು ಸಂಸ್ಥೆಗಳೂ ಸರ್ಕಾರಗಳೂ ಕೊಳ್ಳುತ್ತವೆ. ಹಣ ಕೊಡುವವರು ಒಬ್ಬರು, ಹಂಚುವವರು ಇನ್ನೊಬ್ಬರು, ತಿನ್ನುವುದು ಮಾತ್ರ ಹಣವನ್ನೂ ಕಾಣದ, ಮಾತೂ ಬಾರದ ಮಗು. ಇಂಥ ವಸ್ತುವಿನ ಬಗ್ಗೆ ಬಳಕೆದಾರರ ಅಭಿಪ್ರಾಯ ಎಲ್ಲಿಯೂ ಪ್ರಕಟವಾಗುವುದಿಲ್ಲವಾದ್ದರಿಂದ, ಅದನ್ನು ಕೈಯಿಂದ ಕೈಗೆ ದಾಟಿಸುವ ಕೆಲಸ ಮಾಡಿದವಳಾಗಿ ನನ್ನ ಅಭಿಪ್ರಾಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ವೃತ್ತಿಯಿಂದ ನರ್ಸ್; ಸುಡಾನಿನ ಯುದ್ಧದಿಂದ ಓಡಿಬಂದ ಕುಟುಂಬಗಳು ನೆಲೆಸಿರುವ ಪೂರ್ವ ಚಾಡ್‌ನ ಶಿಬಿರವೊಂದರಲ್ಲಿ ಮಕ್ಕಳ ಪೌಷ್ಟಿಕ ಚಿಕಿತ್ಸೆಯ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ.

ಮೊದಲಿಗೆ ವಸ್ತುವಿನ ವಿಚಾರ. ಬಿಸಿಲ ನಾಡಿನಲ್ಲಿ ಪೆಟ್ಟಿಗೆಯೊಳಗೆ ಬಹಳ ದಿನ ಕುಳಿತ ಪೊಟ್ಟಣದಲ್ಲಿ ಎಣ್ಣೆ ಸ್ವಲ್ಪ ಬೇರ್ಪಟ್ಟು ಮೇಲೆ ನಿಂತಿರಬಹುದು. ಆದಕಾರಣ ತೆರೆಯುವ ಮುನ್ನ ಎರಡೂ ಅಂಗೈಗಳ ನಡುವೆ ಹಿಡಿದು ಚೆನ್ನಾಗಿ ಹಿಸುಕಬೇಕು, ಆಮೇಲೆ ಮೂಲೆಯನ್ನು ಹರಿದು ಕೆಳಗಿನಿಂದ ಮೇಲಕ್ಕೆ ಒತ್ತುತ್ತ ಬರಬೇಕು. ಹೊರಬರುವ ಲೇಪ ಕಂದು ಬಣ್ಣದ್ದು, ಬೆರಳಿಗೆ ಅಂಟುವಷ್ಟು ಗಟ್ಟಿ, ನಾಲಿಗೆಯ ಮೇಲೆ ಜಾರುವಷ್ಟು ಮೆದು. ಚಳ್ಳಕೆರೆಯ ಎಣ್ಣೆ ಗಿರಣಿಗಳ ವಾಸನೆಯಲ್ಲಿ ಬೆಳೆದವಳಿಗೆ ಹುರಿದ ಶೇಂಗಾದ ಪರಿಮಳ ತಕ್ಷಣ ಗುರುತು ಹತ್ತಿತು. ರುಚಿಯಲ್ಲಿ ಮಾತ್ರ ಸಿಹಿ ನಮ್ಮವರು ಬಯಸುವುದಕ್ಕಿಂತ ಒಂದು ಕೈ ಮುಂದು, ಕೊನೆಯಲ್ಲಿ ಹಾಲಿನ ಪುಡಿಯ ಜಿಡ್ಡು, ಅದರ ಹಿಂದೆಯೇ ಖನಿಜಾಂಶಗಳ ಸಣ್ಣ ಲೋಹದ ಛಾಯೆ. ದೊಡ್ಡವರಿಗೆ ಅರ್ಧ ಪೊಟ್ಟಣಕ್ಕೇ ಸಾಕೆನಿಸುತ್ತದೆ. ಆದರೆ ಇದರ ರುಚಿಯನ್ನು ಅಳೆಯಬೇಕಾದ ನಾಲಿಗೆ ನಮ್ಮದಲ್ಲ. ಸುಡಾನಿನ ಅಡುಗೆಮನೆಗಳಲ್ಲಿ ಶೇಂಗಾ ಅರೆದು ಮಾಡುವ ದಕ್ವಾ ಎಂಬ ಲೇಪ ನಿತ್ಯದ ಪದಾರ್ಥ. ಮೊಮ್ಮಗನನ್ನು ಕರೆತಂದಿದ್ದ ವೃದ್ಧೆಯೊಬ್ಬರು ಪೊಟ್ಟಣದ ತುದಿಗೆ ಬೆರಳಿಟ್ಟು ನೆಕ್ಕಿ, ಇದು ದಕ್ವಾವೇ, ಸಕ್ಕರೆ ಹಾಕಿ ಕೆಡಿಸಿದ್ದೀರಿ ಎಂದು ತೀರ್ಪು ಕೊಟ್ಟರು. ಮಗು ಮಾತ್ರ ಪೊಟ್ಟಣವನ್ನು ಕೈಯಿಂದ ಬಿಡಲಿಲ್ಲ.

ಈ ಲೇಪವನ್ನು 1996ರಲ್ಲಿ ರೂಪಿಸಿದವರು ಫ್ರಾನ್ಸಿನ ಮಕ್ಕಳ ಪೌಷ್ಟಿಕತಜ್ಞ ಆಂಡ್ರೆ ಬ್ರಿಯಾಂಡ್ ಮತ್ತು ನಾರ್ಮಂಡಿಯಲ್ಲಿ ನ್ಯೂಟ್ರಿಸೆಟ್ ಕಂಪನಿ ಸ್ಥಾಪಿಸಿದ್ದ ಮಿಷೆಲ್ ಲೆಸ್ಕಾನ್. ಅವರ ಮುಂದಿದ್ದ ಸಮಸ್ಯೆ ಏನೆಂದು ತಿಳಿದರೆ ಮಾತ್ರ ಈ ಪೊಟ್ಟಣದ ಬೆಲೆ ಅರ್ಥವಾಗುತ್ತದೆ. ಅಲ್ಲಿಯವರೆಗೆ ತೀವ್ರ ಅಪೌಷ್ಟಿಕತೆಗೆ ಕೊಡುತ್ತಿದ್ದುದು ಎಫ್-75, ಎಫ್-100 ಎಂಬ ಹೆಸರಿನ, ಪುಡಿಯಿಂದ ಕಲಸುವ ಹಾಲು. ಅವು ಒಳ್ಳೆಯ ಔಷಧಗಳೇ; ಇಂದಿಗೂ ಆಸ್ಪತ್ರೆಯಲ್ಲಿ ಮಲಗಿದ, ತೀರಾ ಕೆಟ್ಟ ಸ್ಥಿತಿಯ ಮಕ್ಕಳಿಗೆ ಮೊದಲು ಕೊಡುವುದು ಎಫ್-75. ಆದರೆ ಹಾಲು ಕಲಸಲು ಶುದ್ಧ ನೀರು ಬೇಕು, ಕಲಸಿದ ಹಾಲನ್ನು ಇಟ್ಟರೆ ಸೂಕ್ಷ್ಮಾಣುಗಳು ಬೆಳೆಯುತ್ತವೆ, ಗಂಟೆಗಂಟೆಗೆ ಅಳೆದು ಕುಡಿಸಲು ತರಬೇತಿ ಪಡೆದ ಸಿಬ್ಬಂದಿ ಬೇಕು, ತಾಯಿ ವಾರಗಟ್ಟಲೆ ಮಗುವಿನೊಂದಿಗೆ ಮನೆ ಬಿಟ್ಟಿರಬೇಕು. ಮನೆಯಲ್ಲಿ ಉಳಿದ ಇತರ ಮಕ್ಕಳನ್ನು ನೆನೆದು ಅರ್ಧದಲ್ಲೇ ಎದ್ದುಹೋಗುವ ತಾಯಂದಿರು ಎಲ್ಲ ದೇಶಗಳಲ್ಲೂ ಇದ್ದಾರೆ. ನಮ್ಮ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಹದಿನಾಲ್ಕು ದಿನಗಳ ವಾಸ್ತವ್ಯಕ್ಕೆ ಕೂಲಿ ನಷ್ಟದ ಪರಿಹಾರ ಕೊಟ್ಟರೂ ರಾಯಚೂರು, ಯಾದಗಿರಿ ಕಡೆಯ ಕೂಲಿ ತಾಯಂದಿರನ್ನು ಅಷ್ಟು ದಿನ ಉಳಿಸಿಕೊಳ್ಳುವುದು ಕಷ್ಟವೆಂದು ಆ ವಾರ್ಡುಗಳಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಇನ್ನು ಯುದ್ಧ ನಡೆಯುವಲ್ಲಿ ಆಸ್ಪತ್ರೆಯೇ ಉಳಿದಿರುವುದಿಲ್ಲ.

ಲೇಪದಲ್ಲಿ ನೀರಿನಂಶ ಅತ್ಯಲ್ಪ. ಪ್ರತಿಯೊಂದು ಕಣವನ್ನೂ ಎಣ್ಣೆ ಸುತ್ತುವರಿದಿರುವುದರಿಂದ ಸೂಕ್ಷ್ಮಾಣುಗಳಿಗೆ ಅಲ್ಲಿ ಬೆಳೆಯಲು ಅವಕಾಶವಿಲ್ಲ. ಬೇಯಿಸಬೇಕಿಲ್ಲ, ಕಲಸಬೇಕಿಲ್ಲ, ಫ್ರಿಡ್ಜಿನಲ್ಲಿ ಇಡಬೇಕಿಲ್ಲ. ತಯಾರಾದ ದಿನದಿಂದ 24 ತಿಂಗಳು ಬಾಳುತ್ತದೆ. ಈ ಒಂದು ಗುಣದಿಂದಾಗಿ ಚಿಕಿತ್ಸೆ ಆಸ್ಪತ್ರೆಯಿಂದ ಹೊರಬಂದು ತಾಯಿಯ ಮಡಿಲಿಗೆ ಬಂತು. ಮಲಾವಿಯಲ್ಲಿ ಅಮೆರಿಕದ ವೈದ್ಯ ಮಾರ್ಕ್ ಮೆನರಿ ಮಕ್ಕಳನ್ನು ವಾರ್ಡಿನಿಂದ ಮನೆಗೆ ಕಳುಹಿಸಿ ಅಲ್ಲಿಯೇ ಶೇಂಗಾ ಲೇಪ ಕೊಡಿಸಿ ನೋಡಿದರು. 2005ರ ನೈಜರ್ ಬರಗಾಲದಲ್ಲಿ ಎಂಎಸ್‌ಎಫ್, ಅಂದರೆ ಗಡಿಯಿಲ್ಲದ ವೈದ್ಯರ ಸಂಸ್ಥೆ, ಒಂದೇ ವರ್ಷದಲ್ಲಿ 60,000ಕ್ಕೂ ಹೆಚ್ಚು ಮಕ್ಕಳಿಗೆ ಇದೇ ಬಗೆಯಲ್ಲಿ ಚಿಕಿತ್ಸೆ ಕೊಟ್ಟಿತು. ಅಷ್ಟು ಮಕ್ಕಳನ್ನು ಮಲಗಿಸಲು ಆ ದೇಶದಲ್ಲಿ ಹಾಸಿಗೆಗಳೇ ಇರಲಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಆಹಾರ ಕಾರ್ಯಕ್ರಮಗಳು ಜಂಟಿ ಹೇಳಿಕೆ ಹೊರಡಿಸಿ, ತೊಡಕಿಲ್ಲದ ತೀವ್ರ ಅಪೌಷ್ಟಿಕತೆಯನ್ನು ಸಮುದಾಯದ ಮಟ್ಟದಲ್ಲಿಯೇ ಗುಣಪಡಿಸಬಹುದೆಂದು ಒಪ್ಪಿಕೊಂಡವು.

ಬಳಸುವ ಕ್ರಮ ಸರಳವಾಗಿದೆ, ಆದರೆ ಕ್ರಮವಿದೆ. ಮಗುವಿನ ಎಡ ತೋಳಿನ ನಡುಭಾಗಕ್ಕೆ ಕೆಂಪು, ಹಳದಿ, ಹಸಿರು ಬಣ್ಣಗಳ ಪಟ್ಟಿಯನ್ನು ಸುತ್ತುತ್ತೇವೆ. ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಪಟ್ಟಿ ಕೆಂಪಿನಲ್ಲಿ ನಿಲ್ಲುತ್ತದೆ. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಾವು ಇದೆಯೇ ಎಂದು ನೋಡುತ್ತೇವೆ. ಆಮೇಲೆ ನಡೆಯುವುದು ಹಸಿವಿನ ಪರೀಕ್ಷೆ, ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಹಂತ. ತಾಯಿ ಕೈ ತೊಳೆದುಕೊಂಡು, ಗದ್ದಲವಿಲ್ಲದ ಮೂಲೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಲವಂತ ಮಾಡದೆ, ಪೊಟ್ಟಣದಿಂದ ಸ್ವಲ್ಪಸ್ವಲ್ಪವಾಗಿ ತಿನ್ನಿಸಬೇಕು. ಪಕ್ಕದಲ್ಲಿ ಲೋಟದಲ್ಲಿ ಕುಡಿಯುವ ನೀರು ಇರಬೇಕು. ತಿಂದ ಮಗು ಮನೆಗೆ ಹೋಗುತ್ತದೆ, ಮುಖ ತಿರುಗಿಸಿದ ಮಗು ಆಸ್ಪತ್ರೆಗೆ ಹೋಗುತ್ತದೆ. ತೀವ್ರವಾಗಿ ಬಡಕಲಾದ ಮಗುವಿನಲ್ಲಿ ಹಸಿವೆಯೇ ಇಲ್ಲವೆಂದರೆ ಒಳಗೆ ಸೋಂಕೋ ಅದಕ್ಕಿಂತ ಕೆಟ್ಟದ್ದೋ ಇದೆ ಎಂದೇ ಅರ್ಥ. ದುಬಾರಿ ಯಂತ್ರಗಳು ಹೇಳಬೇಕಾದ ಮಾತನ್ನು ಇಲ್ಲಿ ಪೊಟ್ಟಣವೇ ಹೇಳಿಬಿಡುತ್ತದೆ. ಎದುರಿನ ತಾಯಿ ಅಷ್ಟು ಹೊತ್ತು ಮಗುವಿನ ಬಾಯಿಯನ್ನೇ ನೋಡುತ್ತ ಉಸಿರು ಬಿಗಿಹಿಡಿದು ಕುಳಿತಿರುತ್ತಾಳೆ. ನಾವೂ ಅಷ್ಟೇ.

ಪ್ರಮಾಣವನ್ನು ತೂಕದ ಮೇಲೆ ನಿರ್ಧರಿಸುತ್ತಾರೆ. ಏಳು ಕಿಲೊ ತೂಗುವ ಮಗುವಿಗೆ ಹಳೆಯ ಲೆಕ್ಕದಂತೆ ದಿನಕ್ಕೆ ಮೂರರ ಆಸುಪಾಸು ಪೊಟ್ಟಣಗಳು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಕಿಲೊ ತೂಕಕ್ಕೆ 150ರಿಂದ 185 ಕಿಲೊಕ್ಯಾಲೊರಿ ಸಾಕಾದ್ದರಿಂದ ಎರಡರಿಂದ ಎರಡೂವರೆ. ಎದೆಹಾಲು ಕುಡಿಯುವ ಮಗುವಿಗೆ ಮೊದಲು ಎದೆಹಾಲು, ನಂತರ ಲೇಪ. ವಾರಕ್ಕೊಮ್ಮೆ ಬಂದು ತೂಕ ನೋಡಿಸಿ ಮುಂದಿನ ವಾರದ ಪಾಲನ್ನು ಒಯ್ಯಬೇಕು. ಆರರಿಂದ ಎಂಟು ವಾರಗಳಲ್ಲಿ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. 150 ಪೊಟ್ಟಣಗಳ, ಸುಮಾರು 14 ಕಿಲೊ ತೂಗುವ ಒಂದು ಪೆಟ್ಟಿಗೆ ಹೆಚ್ಚುಕಡಿಮೆ ಒಂದು ಮಗುವಿನ ಪೂರ್ಣ ಚಿಕಿತ್ಸೆ. ಅದರ ಬೆಲೆ 40ರಿಂದ 50 ಡಾಲರಿನ ನಡುವೆ ಏರಿಳಿಯುತ್ತದೆ. ಸಾವಿನ ಹತ್ತಿರಕ್ಕೆ ಹೋದ ಮಗುವನ್ನು ಹಿಂದಕ್ಕೆ ಕರೆತರುವ ಚಿಕಿತ್ಸೆಗಳಲ್ಲಿ ಇಷ್ಟು ಅಗ್ಗವಾದವು ಹೆಚ್ಚಿಲ್ಲ.

ಔಷಧವೆಂದು ಎಣಿಸಿದರೆ, ಇದಿಷ್ಟೂ ಮೆಚ್ಚುಗೆಯ ಮಾತೇ. ನನ್ನ ತಕರಾರು ಆರಂಭವಾಗುವುದು ಇದನ್ನು ಆಹಾರವೆಂದು ಎಣಿಸುವ ಸ್ಥಿತಿ ಬಂದಾಗ, ಮತ್ತು ಯುದ್ಧ ನಡೆಯುವಲ್ಲಿ ಆ ಸ್ಥಿತಿ ಬೇಗನೆ ಬರುತ್ತದೆ. ಪೊಟ್ಟಣ ಒಂದು ಮಗುವಿನ ಹೆಸರಿನಲ್ಲಿ ಮನೆಗೆ ಹೋಗುತ್ತದೆ. ಮನೆಯಲ್ಲಿ ಹಸಿದ ಮಕ್ಕಳು ನಾಲ್ವರಿರುತ್ತಾರೆ. ತೋಳಿನ ಪಟ್ಟಿ ಒಬ್ಬನಿಗೆ ಕೆಂಪು ತೋರಿಸಿತು, ಅವನ ಅಕ್ಕನಿಗೆ ಹಳದಿ ತೋರಿಸಿತು ಎಂಬ ಕಾರಣಕ್ಕೆ ತಾಯಿ ಅಕ್ಕನ ಎದುರೇ ತಮ್ಮನೊಬ್ಬನಿಗೆ ತಿನ್ನಿಸಬೇಕೆಂದು ನಾವು ಹೇಳುತ್ತೇವೆ. ಹಂಚಿಕೊಳ್ಳುವುದನ್ನು ತಡೆಯಲು ಹಲವು ಕಡೆ, ನಾವಿದ್ದಲ್ಲಿಯೂ, ಖಾಲಿ ಪೊಟ್ಟಣಗಳನ್ನು ಮರಳಿ ತರಿಸುವ ಪದ್ಧತಿಯಿದೆ. ಮುಂದಿನ ವಾರ ತಾಯಂದಿರು ಬಟ್ಟೆಯ ಗಂಟಿನಲ್ಲಿ ಚಪ್ಪಟೆಯಾದ, ಒಳಗೆಲ್ಲ ನೆಕ್ಕಿ ಹೊಳೆಯುತ್ತಿರುವ ಪೊಟ್ಟಣಗಳನ್ನು ತಂದು ಮೇಜಿನ ಮೇಲೆ ಸುರಿಯುತ್ತಾರೆ, ನಾವು ಎಣಿಸುತ್ತೇವೆ. ಪೊಟ್ಟಣ ಖಾಲಿಯಾಗಿದೆ ಎಂಬುದು ಅದರಿಂದ ತಿಳಿಯುತ್ತದೆ, ಯಾರ ಹೊಟ್ಟೆಗೆ ಹೋಯಿತೆಂಬುದು ತಿಳಿಯುವುದಿಲ್ಲ. ಅದನ್ನು ಹೇಳುವುದು ತಕ್ಕಡಿ ಮಾತ್ರ. ತೂಕ ಏರದ ಮಗುವಿನ ತಾಯಿಯನ್ನು ಗದರಿಸುವ ಸಹೋದ್ಯೋಗಿಗಳನ್ನು ನಾನು ನೋಡಿದ್ದೇನೆ. ಆ ಗದರಿಕೆಯನ್ನು ಒಪ್ಪಲು ನನ್ನಿಂದ ಎಂದೂ ಆಗಲಿಲ್ಲ. ಮನೆಯ ಉಳಿದವರಿಗೆ ಜೋಳವೋ ಬೇಳೆಯೋ ಎಣ್ಣೆಯೋ ಕೊಡದೆ ಒಬ್ಬನಿಗೆ ಮಾತ್ರ ಲೇಪ ಕೊಟ್ಟು, ಅದು ಹಂಚಿಹೋಯಿತೆಂದು ದೂರುವುದು ನ್ಯಾಯವಲ್ಲ. ಇದೇ ಕಾರಣಕ್ಕೆ ವಿವೇಕವುಳ್ಳ ಕಾರ್ಯಕ್ರಮಗಳು ಪೊಟ್ಟಣದ ಜೊತೆಗೆ ಕುಟುಂಬಕ್ಕೆ ರೇಷನ್ನನ್ನೂ ಕೊಡುತ್ತವೆ. ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದೂ ಆ ರೇಷನ್ನಿಗೇ.

ಸುಡಾನಿನ ವಿಷಯದಲ್ಲಿ ಈ ತಕರಾರಿಗೆ ಇನ್ನೊಂದು ಮುಖವಿದೆ. 2023ರ ಏಪ್ರಿಲ್ 15ರಂದು ಜನರಲ್ ಅಬ್ದೆಲ್ ಫತ್ತಾಹ್ ಬುರ್ಹಾನ್ ಅವರ ಸೇನೆಗೂ ಮೊಹಮ್ಮದ್ ಹಮ್ದಾನ್ ದಗಾಲೊ ನೇತೃತ್ವದ, ಕ್ಷಿಪ್ರ ನೆರವು ಪಡೆ (ಆರ್‌ಎಸ್‌ಎಫ್) ಎಂಬ ಹೆಸರಿನ ಅರೆಸೇನಾ ಪಡೆಗೂ ಯುದ್ಧ ಶುರುವಾಗುವ ಮೊದಲು ಈ ದೇಶ ತನ್ನ ಮಕ್ಕಳ ಔಷಧವನ್ನು ಬಹುಮಟ್ಟಿಗೆ ತಾನೇ ತಯಾರಿಸುತ್ತಿತ್ತು. ಪ್ರಪಂಚದಲ್ಲಿ ಅತಿ ಹೆಚ್ಚು ಶೇಂಗಾ ಬೆಳೆಯುವ ದೇಶಗಳ ಸಾಲಿನಲ್ಲಿ ಸುಡಾನ್ ಇದೆ. ಡಾರ್ಫರ್ ಮತ್ತು ಕೊರ್ಡೊಫಾನ್ ಪ್ರಾಂತ್ಯಗಳ ಮರಳು ಮಿಶ್ರಿತ ಭೂಮಿ ಅದಕ್ಕೆ ಹೇಳಿಮಾಡಿಸಿದ್ದು. ಖಾರ್ತೂಮಿನ ಸಮಿಲ್ ಎಂಬ ಕಾರ್ಖಾನೆ ಇದೇ ಬಗೆಯ ಲೇಪ ತಯಾರಿಸುತ್ತಿತ್ತು, ಮತ್ತು ಸುಡಾನಿನಲ್ಲಿ ತೀವ್ರ ಅಪೌಷ್ಟಿಕತೆಯ ಚಿಕಿತ್ಸೆಗೆ ಬೇಕಾದ ಪೊಟ್ಟಣಗಳಲ್ಲಿ ಶೇ. 60ರಷ್ಟು ಅಲ್ಲಿಂದಲೇ ಬರುತ್ತಿತ್ತು. ಯುದ್ಧ ಶುರುವಾಗಿ ಕೆಲವೇ ವಾರಗಳಲ್ಲಿ, 2023ರ ಮೇ ತಿಂಗಳಲ್ಲಿ, ಆ ಕಾರ್ಖಾನೆ ಸುಟ್ಟುಹೋಯಿತು. 14,500 ಪೆಟ್ಟಿಗೆಗಳು ಬೂದಿಯಾದವೆಂದು ಯುನಿಸೆಫ್ ಪ್ರಕಟಿಸಿತು. ಒಂದು ಪೆಟ್ಟಿಗೆಗೆ ಒಂದು ಮಗು ಎಂಬ ಲೆಕ್ಕವನ್ನು ಓದುಗರು ತಾವೇ ಹಾಕಿಕೊಳ್ಳಬಹುದು.

ಅಲ್ಲಿಂದ ಮುಂದೆ ಪೊಟ್ಟಣಗಳು ಬಹುಮಟ್ಟಿಗೆ ಹೊರಗಿನಿಂದಲೇ ಬರಬೇಕಾಯಿತು. ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನಿನಲ್ಲಿ ಇಳಿದ ಪೆಟ್ಟಿಗೆ ಡಾರ್ಫರ್ ತಲುಪಬೇಕಾದರೆ ಯುದ್ಧರೇಖೆಗಳನ್ನು ದಾಟಿಕೊಂಡು ಸಾವಿರಕ್ಕೂ ಹೆಚ್ಚು ಕಿಲೊಮೀಟರ್ ಕ್ರಮಿಸಬೇಕು. ಪ್ರತಿಯೊಂದು ತನಿಖಾ ಠಾಣೆಯಲ್ಲಿ ಕಾಗದ, ಕಾಯುವಿಕೆ, ಕೆಲವೆಡೆ ವಸೂಲಿ. ಹತ್ತಿರದ ದಾರಿಯೆಂದರೆ ಚಾಡ್ ದೇಶದ ಅಡ್ರೆ ಗಡಿ. ಆ ಗಡಿಯ ಮೂಲಕ ನೆರವು ತರಲು ಸುಡಾನಿನ ಅಧಿಕಾರಿಗಳು 2024ರ ಫೆಬ್ರವರಿಯಲ್ಲಿ ತಡೆಯೊಡ್ಡಿದರು, ಆಗಸ್ಟ್ ಮಧ್ಯದಲ್ಲಿ ಮತ್ತೆ ಬಿಟ್ಟರು. ನಡುವಿನ ತಿಂಗಳುಗಳು ಬಿತ್ತನೆಗೂ ಕೊಯ್ಲಿಗೂ ಮಧ್ಯದ, ಹಗೇವು ಬರಿದಾಗುವ ಕಾಲ, ಜೊತೆಗೆ ಮಳೆಗಾಲ. ಗಡಿ ತೆರೆದಾಗ ರಸ್ತೆಗಳು ಕೆಸರಾಗಿ, ಹಳ್ಳಗಳು ತುಂಬಿ ಲಾರಿಗಳು ಸಿಕ್ಕಿಕೊಂಡವು. ಉತ್ತರ ಡಾರ್ಫರ್‌ನ ಎಲ್ ಫಶೇರ್ ನಗರದ ಪಕ್ಕದ ಜಮ್‌ಜಮ್ ಶಿಬಿರದಲ್ಲಿ, ಸುಮಾರು ಐದು ಲಕ್ಷ ಜನರಿದ್ದಾರೆಂದು ಅಂದಾಜಿಸಲಾಗಿದ್ದ ಆ ಒಂದೇ ಶಿಬಿರದಲ್ಲಿ, ಕ್ಷಾಮವಿದೆಯೆಂದು ತಜ್ಞರ ಸಮಿತಿ ಅದೇ ಆಗಸ್ಟಿನ ಮೊದಲ ದಿನ ಖಚಿತಪಡಿಸಿತ್ತು. ಅಲ್ಲಿ ಚಿಕಿತ್ಸೆ ನಡೆಸುತ್ತಿದ್ದ ಎಂಎಸ್‌ಎಫ್ ಅಕ್ಟೋಬರಿನಲ್ಲಿ ದಾಸ್ತಾನು ಮುಗಿದು, ಹೊಸದನ್ನು ಒಳಗೆ ಬಿಡದ ಕಾರಣ, ಸುಮಾರು 5,000 ಮಕ್ಕಳ ಹೊರರೋಗಿ ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. 24 ತಿಂಗಳು ಕೆಡದೆ ಬಾಳುವ ವಸ್ತುವಿಗೆ ತಡೆಗಟ್ಟೆಯೊಂದರಲ್ಲಿ ಕಾಯುವುದರಿಂದ ಏನೂ ಆಗುವುದಿಲ್ಲ. ಅದಕ್ಕಾಗಿ ಕಾಯುವ ಮಗುವಿನ ಕಾಲಮಿತಿ ವಾರಗಳಲ್ಲಿದೆ. ನಮ್ಮ ಶಿಬಿರದಲ್ಲೂ ಒಮ್ಮೆ ಪೆಟ್ಟಿಗೆಗಳು ಬರುವುದು ತಡವಾಗಿ, ವಾರದ ಪಾಲನ್ನು ಅರ್ಧಕ್ಕಿಳಿಸಿ ಕೊಟ್ಟೆವು; ಚೇತರಿಸಿಕೊಳ್ಳುತ್ತಿದ್ದ ಮಕ್ಕಳ ತೂಕದ ಗೆರೆ ಕಾರ್ಡಿನ ಮೇಲೆ ಮೇಲೇರುವುದನ್ನು ನಿಲ್ಲಿಸಿತು. ಅದು ಯುದ್ಧದ ಆಚೆಗಿನ, ಲಾರಿಗಳು ಓಡಾಡಬಲ್ಲ ಜಾಗದಲ್ಲಿ.

2025ರ ಜೂನ್ ತಿಂಗಳ ಆರಂಭದಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಮತ್ತು ಯುನಿಸೆಫ್‌ಗಳ ಹದಿನೈದು ಲಾರಿಗಳ ಸಾಲು ಎಲ್ ಫಶೇರ್ ಕಡೆಗೆ ಹೊರಟಿತ್ತು. ಪೋರ್ಟ್ ಸುಡಾನಿನಿಂದ 1,800 ಕಿಲೊಮೀಟರ್ ಕ್ರಮಿಸಿ ಅಲ್ ಕೋಮಾ ಎಂಬ ಊರಿನ ಬಳಿ ನಿಂತಿದ್ದಾಗ ಅದರ ಮೇಲೆ ದಾಳಿ ನಡೆದು ಐವರು ಸತ್ತರು, ಲಾರಿಗಳು ಹೊತ್ತಿ ಉರಿದವು. ಎರಡೂ ಪಕ್ಷಗಳು ಪರಸ್ಪರ ಬೆರಳು ತೋರಿಸಿದವು. ಹಸಿವನ್ನು ಯುದ್ಧದ ಅಸ್ತ್ರವಾಗಿ ಬಳಸುವುದನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2018ರ 2417ನೇ ನಿರ್ಣಯದಲ್ಲಿ ಖಂಡಿಸಿದೆ. ಕ್ಷಿಪ್ರ ನೆರವು ಪಡೆ ಎಲ್ ಫಶೇರ್‌ಗೆ ಹಾಕಿದ್ದ ಮುತ್ತಿಗೆಯನ್ನು ನಿಲ್ಲಿಸಬೇಕೆಂದು 2024ರ ಜೂನ್‌ನಲ್ಲಿ 2736ನೇ ನಿರ್ಣಯದಲ್ಲಿ ಪ್ರತ್ಯೇಕವಾಗಿ ಹೇಳಿದೆ. ಮುತ್ತಿಗೆ ನಿಲ್ಲಲಿಲ್ಲ. ನಗರದ ಸುತ್ತ ಮಣ್ಣಿನ ದಿಬ್ಬ ಎದ್ದಿತು. ಒಳಗಿದ್ದವರು ಏನು ತಿಂದರೆಂಬುದನ್ನು ಹೇಳದೆ ಈ ವಿಮರ್ಶೆ ಪೂರ್ಣವಾಗುವುದಿಲ್ಲ: ಅವರು ಅಂಬಾಜ್ ತಿಂದರು. ಅಂಬಾಜ್ ಎಂದರೆ ಶೇಂಗಾ ಹಿಂಡಿ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ. ನಮ್ಮಲ್ಲಿ ಅದನ್ನು ನೀರಿನಲ್ಲಿ ನೆನೆಸಿ ಕರೆಯುವ ಎಮ್ಮೆಗೆ ಇಡುತ್ತಾರೆ, ಅವರಲ್ಲೂ ಅದು ದನಕರುಗಳ ಮೇವೇ. ಎಣ್ಣೆ ಹೋದ ಮೇಲೆ ಅದರಲ್ಲಿ ನಾರು ಮತ್ತು ಪ್ರೋಟೀನು ಉಳಿದರೂ, ಬೂಷ್ಟು ಹಿಡಿದ ಹಿಂಡಿಯಲ್ಲಿ ಯಕೃತ್ತಿಗೆ ವಿಷವಾಗುವ ಅಫ್ಲಾಟಾಕ್ಸಿನ್ ಸೇರಿರುತ್ತದೆ, ಸಣ್ಣ ಮಕ್ಕಳ ಕರುಳಿಗಂತೂ ಅದು ಹೇಳಿದ್ದಲ್ಲ. ಕೊನೆಕೊನೆಗೆ ಅಂಬಾಜ್ ಕೂಡ ಸಿಗದಾಯಿತು. ಪ್ಲಂಪಿನಟ್ ಮತ್ತು ಅಂಬಾಜ್ ಎರಡೂ ಒಂದೇ ಕಾಳಿನಿಂದ ಹುಟ್ಟಿದವು; ಶೇಂಗಾ ಬೆಳೆಯುವ ನಾಡಿನ ಮಕ್ಕಳಿಗೆ ಮೊದಲನೆಯದು ಯೂರೋಪಿನಿಂದಲೋ ಅಮೆರಿಕದಿಂದಲೋ ಬರಬೇಕಾಗಿ, ಬಾರದೆ ಹೋಗಿ, ಎರಡನೆಯದು ಗತಿಯಾಯಿತು.

ಅಫ್ಲಾಟಾಕ್ಸಿನ್ ಮಾತು ಬಂದದ್ದರಿಂದ, ಸ್ಥಳೀಯವಾಗಿ ತಯಾರಿಸುವುದರ ಬಗ್ಗೆ ಒಂದು ಮಾತು. ಬಡ ದೇಶಗಳಲ್ಲಿಯೇ ಕಾರ್ಖಾನೆ ಕಟ್ಟಬೇಕೆಂಬ ವಾದ ಕೇಳಲು ಚೆನ್ನ, ಬಹುಮಟ್ಟಿಗೆ ನಾನೂ ಅದರ ಪರ. ಆದರೆ ಶೇಂಗಾ ತುಂಬ ಸೂಕ್ಷ್ಮ ಬೆಳೆ. ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ, ಮಳೆಗೆ ಸಿಕ್ಕರೆ, ಗೋದಾಮಿನಲ್ಲಿ ತೇವ ಹಿಡಿದರೆ ಬೂಷ್ಟು ಬರುತ್ತದೆ. ಅಪೌಷ್ಟಿಕ ಮಗುವಿಗೆ ಕೊಡುವ ಲೇಪಕ್ಕೆ ನಿಗದಿಯಾದ ಮಿತಿ ಬಹಳ ಕಟ್ಟುನಿಟ್ಟಾದದ್ದು, ಒಂದೊಂದು ಬಾರಿ ತಯಾರಾದ ಮಾಲನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಲೇಬೇಕು. ಇದರ ಜೊತೆಗೆ ಪ್ರೋಟೀನಿನ ಅರ್ಧ ಪಾಲಾದರೂ ಹಾಲಿನದ್ದಾಗಿರಬೇಕೆಂಬ ನಿಯಮವಿದೆ, ಹಾಲಿನ ಪುಡಿ ಬಹುತೇಕ ಆಫ್ರಿಕಾದ ದೇಶಗಳಿಗೆ ಆಮದಾಗುವ ವಸ್ತು. ಹೀಗಾಗಿ ಸ್ಥಳೀಯ ಪೊಟ್ಟಣ ಯಾವಾಗಲೂ ಅಗ್ಗವಾಗಿರುತ್ತದೆ ಎನ್ನಲಾಗದು. ಪೇಟೆಂಟಿನ ಗಲಾಟೆಯೂ ಒಂದು ಕಾಲಕ್ಕೆ ಇತ್ತು. 2009ರಲ್ಲಿ ಅಮೆರಿಕದ ಎರಡು ಸಂಸ್ಥೆಗಳು ನ್ಯೂಟ್ರಿಸೆಟ್ ಹಕ್ಕನ್ನು ಪ್ರಶ್ನಿಸಿ ನ್ಯಾಯಾಲಯಕ್ಕೂ ಹೋಗಿದ್ದವು. ಇಂದು ಆ ತಡೆ ಇಲ್ಲ. ಭಾರತದಲ್ಲಿಯೂ ಕೆಲವು ಕಂಪನಿಗಳು ಇಂಥ ಲೇಪ ತಯಾರಿಸಿ ಯುನಿಸೆಫ್‌ಗೆ ಮಾರುತ್ತವೆ. ಅದೇ ಭಾರತ 2009ರಲ್ಲಿ ಯುನಿಸೆಫ್ ಬಿಹಾರ ಮತ್ತು ಮಧ್ಯಪ್ರದೇಶಗಳಿಗೆ ತರಿಸಿದ್ದ ಪೊಟ್ಟಣಗಳನ್ನು ಅನುಮತಿಯಿಲ್ಲದೆ ತರಿಸಿದ್ದೆಂದು ಹಿಂದಕ್ಕೆ ಕಳುಹಿಸಿತು, 2017ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇಂಥ ಪೊಟ್ಟಣಗಳು ಬೇಡವೆಂದು ರಾಜ್ಯಗಳಿಗೆ ಪತ್ರ ಬರೆಯಿತು. ನಮ್ಮ ಅಂಗನವಾಡಿಗಳ ಬಿಸಿ ಊಟ, ಮೊಟ್ಟೆ, ಹಾಲುಗಳ ಬದಲಿಗೆ ಕಂಪನಿಗಳ ಪೊಟ್ಟಣ ಬಂದು ಕೂರುತ್ತದೆಂಬ ಆತಂಕ ಅದರ ಹಿಂದಿತ್ತು, ಮತ್ತು ಶಾಂತಿಯಿರುವ, ಹೊಲದಲ್ಲಿ ಬೆಳೆಯಿರುವ, ಆಸ್ಪತ್ರೆಯಿರುವ ದೇಶದಲ್ಲಿ ಆ ಆತಂಕಕ್ಕೆ ಅರ್ಥವಿದೆ. ಆದರೆ ಇದೇ ವಾದವನ್ನು ಸುಡಾನಿಗೋ ಯೆಮನ್‌ಗೋ ಗಾಜಾಗೋ ಅನ್ವಯಿಸಿ, ಸ್ಥಳೀಯ ಆಹಾರವೇ ಉತ್ತಮವೆಂದು ನಮ್ಮ ಕಡೆಯ ಕೆಲವರು ಬರೆಯುವುದನ್ನು ಓದಿದಾಗ, ಆ ಸ್ಥಳದಲ್ಲಿ ಉಳಿದಿರುವ ಆಹಾರ ಯಾವುದೆಂದು ಅವರು ವಿಚಾರಿಸಿಲ್ಲವೆಂದೇ ಅನಿಸುತ್ತದೆ.

ಪೂರೈಕೆಯ ಇನ್ನೊಂದು ತುದಿಯಲ್ಲಿಯೂ ತೊಂದರೆಗಳಿವೆ. ಅಮೆರಿಕದಲ್ಲಿ ಇಂಥ ಲೇಪ ತಯಾರಿಸುವ ಪ್ರಮುಖ ಸಂಸ್ಥೆಗಳು ಎರಡು, ರೋಡ್ ಐಲೆಂಡ್ ರಾಜ್ಯದ ಎಡೀಸಿಯಾ ಮತ್ತು ಜಾರ್ಜಿಯಾದ ಮನಾ. 2025ರ ಆರಂಭದಲ್ಲಿ ಅಲ್ಲಿನ ಸರ್ಕಾರ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ, ನಿಲ್ಲಿಸಿ ಎಂಬ ಆದೇಶ, ಮುಂದುವರಿಸಿ ಎಂಬ ಆದೇಶ, ಒಪ್ಪಂದ ರದ್ದು, ರದ್ದತಿ ವಾಪಸ್ಸು, ಹೀಗೆ ಒಂದರ ಮೇಲೊಂದು ಕಾಗದಗಳು ಬಂದು, ಸಿದ್ಧವಾದ ಪೆಟ್ಟಿಗೆಗಳು ಗೋದಾಮಿನಲ್ಲಿಯೇ ಉಳಿದವು. ಡಾರ್ಫರ್‌ನ ತನಿಖಾ ಠಾಣೆಯಲ್ಲಿ ಬಂದೂಕು ಹಿಡಿದವನು ಮಾಡುವ ಕೆಲಸವನ್ನು ಕಚೇರಿಯಲ್ಲಿ ಕುಳಿತ ಗುಮಾಸ್ತನೂ ಮಾಡಬಲ್ಲ.

ಮಗು ಗುಣವಾದ ಮೇಲೆ ಏನು ಎಂಬ ಪ್ರಶ್ನೆಯನ್ನೂ ಕೇಳಬೇಕು. ಪಟ್ಟಿ ಹಸಿರಿಗೆ ಬಂದು, ಬಿಡುಗಡೆ ಕಾರ್ಡು ಹಿಡಿದು ಹೋದ ಮಗು ಕೆಲವು ತಿಂಗಳಲ್ಲಿ ಮತ್ತೆ ಕೆಂಪಾಗಿ ಮರಳಿದ್ದನ್ನು ನಾನು ಕಂಡಿದ್ದೇನೆ. ಅದನ್ನು ಪೊಟ್ಟಣದ ಸೋಲೆಂದು ಬರೆಯಲಾರೆ. ಮರಳಿ ಹೋದ ಗುಡಿಸಲಿನಲ್ಲಿ ಒಲೆ ಹೊತ್ತದಿದ್ದರೆ ಯಾವ ಔಷಧವೂ ನಿಲ್ಲುವುದಿಲ್ಲ. ಈ ಭಾಗದ ಕೆಲಸವನ್ನು ಸುಡಾನಿನೊಳಗೆ ಹೆಚ್ಚಾಗಿ ಮಾಡುತ್ತಿರುವವರು ವಿದೇಶಿ ಸಂಸ್ಥೆಗಳಲ್ಲ. ತುರ್ತು ಸ್ಪಂದನ ಕೊಠಡಿಗಳು ಎಂಬ ಹೆಸರಿನಲ್ಲಿ ಬಡಾವಣೆ ಬಡಾವಣೆಯ ಯುವಕ ಯುವತಿಯರು, ಗೃಹಿಣಿಯರು ಚಂದಾ ಎತ್ತಿ, ದೊಡ್ಡ ಹಂಡೆಗಳಲ್ಲಿ ಬೇಳೆಯನ್ನೋ ಜೋಳದ ಗಂಜಿಯನ್ನೋ ಬೇಯಿಸಿ ಹಂಚುತ್ತಾರೆ. 2025ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಅವರಿಗೆ ಬಂತು. ಅವರಲ್ಲಿ ಬಂಧನಕ್ಕೊಳಗಾದವರಿದ್ದಾರೆ, ಕೊಲೆಯಾದವರಿದ್ದಾರೆ. ಪೊಟ್ಟಣ ಒಂದು ಮಗುವನ್ನು ಆರು ವಾರ ಕಾಯುತ್ತದೆ, ಆ ಹಂಡೆ ಅವನ ಮನೆಮಂದಿಯನ್ನು ಕಾಯುತ್ತದೆ. ದಾನಿಗಳು ಪೊಟ್ಟಣಕ್ಕೆ ಸಂತೋಷದಿಂದ ಹಣ ಕೊಡುತ್ತಾರೆ, ಏಕೆಂದರೆ ಅದನ್ನು ಎಣಿಸಬಹುದು, ಅದರ ಮೇಲೆ ಮುದ್ರೆ ಒತ್ತಬಹುದು, ಫೋಟೊ ತೆಗೆಯಬಹುದು. ಹಂಡೆಗೆ ಹಣ ಕೊಡುವವರು ಬಹಳ ಕಡಿಮೆ, ಅದರ ರಸೀದಿ ಯಾವ ಕಚೇರಿಯ ನಮೂನೆಗೂ ಹೊಂದುವುದಿಲ್ಲ.

ಸಣ್ಣ ದೋಷಗಳನ್ನೂ ಹೇಳಿಬಿಡುತ್ತೇನೆ. ಖಾಲಿ ಪೊಟ್ಟಣ ಕರಗದ ವಸ್ತು. ಮರಳಿ ತರಿಸಿ ಸುಡದಿದ್ದರೆ ಶಿಬಿರದ ಸುತ್ತಲಿನ ಮುಳ್ಳುಕಂಟಿಗಳಿಗೆಲ್ಲ ಸಿಕ್ಕಿಕೊಂಡು ವರ್ಷಗಟ್ಟಲೆ ಇರುತ್ತದೆ, ಮೇಕೆಗಳು ನೆಕ್ಕಲು ಹೋಗಿ ನುಂಗುತ್ತವೆ. ಲೇಪ ಗಟ್ಟಿಯಾದ್ದರಿಂದ ಪಕ್ಕದಲ್ಲಿ ಕುಡಿಯುವ ನೀರು ಇರಲೇಬೇಕು. ತಯಾರಿಸಲು ನೀರು ಬೇಡವೆಂಬುದನ್ನು ತಿನ್ನಲೂ ನೀರು ಬೇಡವೆಂದು ತಿಳಿಯುವ ಹೊಸ ಕಾರ್ಯಕರ್ತರು ಎಲ್ಲ ತಂಡಗಳಲ್ಲೂ ಒಬ್ಬಿಬ್ಬರು ಇರುತ್ತಾರೆ, ಮತ್ತು ಶಿಬಿರದಲ್ಲಿ ನೀರಿನ ಸರದಿ ಲೇಪದ ಸರದಿಗಿಂತ ಉದ್ದವಾಗಿರುತ್ತದೆ. ಆರು ತಿಂಗಳು ತುಂಬದ ಶಿಶುಗಳಿಗೆ ಇದು ಉಪಯೋಗವಿಲ್ಲ; ಅಲ್ಲಿ ಮಗುವಿನ ಜೊತೆಗೆ ತಾಯಿಗೂ ಆರೈಕೆ ಬೇಕು. ಇದರಾಚೆಗೆ ವಸ್ತುವಿನಲ್ಲಿ ದೋಷ ಹುಡುಕಲು ಹೋದರೆ ಹುಡುಕುವವರ ಕಾಲ ವ್ಯರ್ಥ.

ಹಣ ಕಳುಹಿಸಬೇಕೆಂದು ಕೇಳುವ ಸ್ನೇಹಿತರಿಗೆ, ಮುಖ್ಯವಾಗಿ ದುಬೈ, ರಿಯಾದ್ ಮತ್ತು ಲಂಡನ್‌ಗಳಲ್ಲಿರುವ ನಮ್ಮ ಕಡೆಯವರಿಗೆ, ನಾನು ಹೇಳುವುದು ಇಷ್ಟು. ಪೊಟ್ಟಣಗಳನ್ನು ನೀವೇ ಕೊಂಡು ಕಳುಹಿಸುವ ಯೋಚನೆ ಬೇಡ, ಅದು ತಲುಪುವುದಿಲ್ಲ. ಚಿಕಿತ್ಸೆಯನ್ನು ಈಗಾಗಲೇ ನಡೆಸುತ್ತಿರುವ, ವೈದ್ಯರೂ ನರ್ಸುಗಳೂ ಸ್ಥಳದಲ್ಲಿರುವ ಸಂಸ್ಥೆಗೆ ಹಣ ಕೊಡಿ, ಮತ್ತು ಕೊಡುವಾಗ ಯಾವ ಬಾಬತ್ತಿಗೆ ಎಂದು ಗುರುತು ಹಾಕಬೇಡಿ. ಅವರಿಗೆ ಆ ವಾರ ಬೇಕಿರುವುದು ಲೇಪವಲ್ಲದೆ ಲಾರಿಯ ಡೀಸೆಲ್ ಆಗಿರಬಹುದು, ಬಾವಿಗೆ ಹಾಕುವ ಕ್ಲೋರಿನ್ ಆಗಿರಬಹುದು. ಅದರ ಜೊತೆಗೆ ಇನ್ನೊಂದಿಷ್ಟು ಹಣವನ್ನು ಹಂಡೆ ಇಟ್ಟವರಿಗೆ ತಲುಪಿಸುವ ದಾರಿಯನ್ನು ವಿಶ್ವಾಸವುಳ್ಳ ಸುಡಾನಿನ ಸಹೋದ್ಯೋಗಿಗಳಿದ್ದರೆ ಅವರಿಂದ ಕೇಳಿ ತಿಳಿಯಿರಿ. 2025ರ ಅಕ್ಟೋಬರ್ 26ರಂದು ಎಲ್ ಫಶೇರ್ ಕ್ಷಿಪ್ರ ನೆರವು ಪಡೆಯ ವಶವಾಯಿತು; ನವೆಂಬರಿನಲ್ಲಿ ಅಲ್ಲಿಯೂ ದಕ್ಷಿಣ ಕೊರ್ಡೊಫಾನಿನ ಕಡುಗ್ಲಿಯಲ್ಲಿಯೂ ಕ್ಷಾಮ ಖಚಿತವಾಯಿತು. ತಪ್ಪಿಸಿಕೊಳ್ಳಲು ಸಾಧ್ಯವಾದವರು ಪಶ್ಚಿಮಕ್ಕೆ ಸುಮಾರು 60 ಕಿಲೊಮೀಟರ್ ನಡೆದು ತವೀಲಾ ಎಂಬ ಊರು ಸೇರಿದರು, ಇನ್ನೂ ಕೆಲವರು ಗಡಿ ದಾಟಿ ಚಾಡ್‌ಗೆ ಬಂದರು. ಆ ದಾರಿಗಳ ಕೊನೆಯಲ್ಲಿ ಪೆಟ್ಟಿಗೆಗಳು ಮೊದಲೇ ತಲುಪಿ ಕಾದಿರಬೇಕು, ಮಗು ಬಂದ ಮೇಲೆ ಬೇಡಿಕೆ ಕಳುಹಿಸಿದರೆ ಆಗದು. ಈ ವಸ್ತುವಿನ 24 ತಿಂಗಳ ಬಾಳಿಕೆಯನ್ನು ಅದಕ್ಕಾಗಿಯೇ ಬಳಸಿಕೊಳ್ಳಬೇಕು.